ಧರೆ ಕುಸಿದಾಗ ಹೊಣೆ ಯಾರದು?

(ಮಲೆನಾಡಿನ ರಸ್ತೆ ಸುರಕ್ಷತೆ ಕುರಿತ ಉಪನ್ಯಾಸದ ಲಿಖಿತ ರೂಪ)



ಘಟ್ಟದ ರಸ್ತೆಯಲ್ಲಿ ಅಪಘಾತವಾದಾಗ ದೂರು ಬೀಳುವುದು ಇಬ್ಬರ ಮೇಲೆ. ಒಬ್ಬ ಚಾಲಕ, ಇನ್ನೊಬ್ಬ ಮಳೆರಾಯ. ರಸ್ತೆಯನ್ನು ನಿರ್ಮಿಸಿ, ನಿರ್ವಹಣೆಯ ಹಣ ಪಡೆದು, ಎಷ್ಟೋ ಕಡೆ ಸುಂಕವನ್ನೂ ವಸೂಲು ಮಾಡುವ ಕಂಪನಿಯ ಹೆಸರು ಪೊಲೀಸ್ ಮಹಜರಿನಲ್ಲಿ ಕಾಣಿಸುವುದು ಅಪರೂಪ. ಈ ಮೌನವನ್ನು ಕಾನೂನು ಒಪ್ಪುತ್ತದೆಯೇ ಎಂಬುದೇ ಇಂದಿನ ವಿಚಾರ.

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿಯಿತು. ಹೆದ್ದಾರಿ ಅಗಲಗೊಳಿಸಲು ಕಡಿದಿದ್ದ ಗುಡ್ಡವದು. ರಸ್ತೆ ಬದಿಯ ಚಹಾ ಅಂಗಡಿ, ಅದನ್ನು ನಡೆಸುತ್ತಿದ್ದ ಕುಟುಂಬ, ನಿಂತಿದ್ದ ಲಾರಿ ಎಲ್ಲವೂ ಗಂಗಾವಳಿಯ ಪಾಲಾದವು. ಕೇರಳದ ಲಾರಿ ಚಾಲಕನ ದೇಹ ನದಿಯಲ್ಲಿ ದೊರೆತದ್ದು ಸೆಪ್ಟೆಂಬರ್ 25ರಂದು. ಇಂಥದ್ದನ್ನು ಪ್ರಕೃತಿ ವಿಕೋಪವೆಂದು ಬರೆದು ಕಡತ ಮುಚ್ಚುವುದು ಸುಲಭ. ಆದರೆ ಕಾನೂನಿನಲ್ಲಿ ದೈವಕೃತ್ಯವೆಂಬ ರಕ್ಷಣೆ ಸಲ್ಲುವುದು ಯಾರೂ ಊಹಿಸಲಾಗದ ಘಟನೆಗೆ. ಪಶ್ಚಿಮಘಟ್ಟದಲ್ಲಿ ಆಷಾಢದ ಮಳೆ ಊಹೆಗೆ ಮೀರಿದ್ದಲ್ಲ. ಬುಡ ಕಡಿದ ಧರೆ ಆ ಮಳೆಗೆ ಜಾರೀತೆಂಬುದೂ ಊಹೆಗೆ ಮೀರಿದ್ದಲ್ಲ.

ನ್ಯಾಯಾಲಯಗಳ ನಿಲುವು ಮೊದಲಿನಿಂದಲೂ ಒಂದೇ ಆಗಿರಲಿಲ್ಲ. ದೆಹಲಿಯ ಚಾಂದನಿ ಚೌಕದ ಗಡಿಯಾರ ಗೋಪುರ ಕುಸಿದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1966ರಲ್ಲಿ ಅದರ ಒಡೆತನ ಹೊಂದಿದ್ದ ನಗರಪಾಲಿಕೆಯನ್ನು ಹೊಣೆ ಮಾಡಿತು. ದೋಷ ತನಗೆ ತಿಳಿದಿರಲಿಲ್ಲವೆಂಬ ಸಮಜಾಯಿಷಿಯನ್ನು ಒಪ್ಪಲಿಲ್ಲ. ರಾಜಕೋಟ್‌ನಲ್ಲಿ ರಸ್ತೆ ಬದಿಯ ಮರ ಬಿದ್ದು ಪಾದಚಾರಿ ಸತ್ತ ಪ್ರಕರಣದಲ್ಲಿ, 1997ರಲ್ಲಿ, ಅದೇ ನ್ಯಾಯಾಲಯ ಪಾಲಿಕೆಯನ್ನು ಹೊಣೆಯಿಂದ ಮುಕ್ತಗೊಳಿಸಿತು.

2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 198ಎ ಕಲಮು ಸೇರಿತು. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಗಳಲ್ಲಿ ನಿಗದಿತ ಸುರಕ್ಷತಾ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಸಂಭವಿಸಿದರೆ ಪ್ರಾಧಿಕಾರ, ಗುತ್ತಿಗೆದಾರ, ರಿಯಾಯಿತಿದಾರ ಕಂಪನಿ ಎಲ್ಲರೂ ದಂಡನೆಗೆ ಗುರಿ. ಆದರೆ ದಂಡದ ಮಿತಿ ಒಂದು ಲಕ್ಷ ರೂಪಾಯಿ! ಆ ಹಣವೂ ಅಪಘಾತ ನಿಧಿಗೆ ಹೋಗುತ್ತದೆಯೇ ಹೊರತು ನೊಂದ ಮನೆಗೆ ನೇರವಾಗಿ ಸೇರುವುದಿಲ್ಲ. ಕೋಟಿಗಟ್ಟಲೆ ಮೊತ್ತದ ಕಾಮಗಾರಿಯಲ್ಲಿ ಇದು ಚಿಲ್ಲರೆ ಖರ್ಚು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮು ನಿರ್ಲಕ್ಷ್ಯದಿಂದಾದ ಸಾವಿಗೆ ಐದು ವರ್ಷದವರೆಗೆ ಸೆರೆವಾಸ ವಿಧಿಸುತ್ತದೆ. ಆದರೆ ಅಲ್ಲಿ ತಪ್ಪು ಯಾವ ವ್ಯಕ್ತಿಯದೆಂದು ಸಾಬೀತಾಗಬೇಕು.

ಪರಿಹಾರದ ದಾರಿಯನ್ನು ಉಚ್ಚ ನ್ಯಾಯಾಲಯಗಳು ತೆರೆದಿವೆ. ಸುಸ್ಥಿತಿಯ ರಸ್ತೆ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗವೆಂದು ಕರ್ನಾಟಕ ಉಚ್ಚ ನ್ಯಾಯಾಲಯವು 2019ರಲ್ಲಿ ಬೆಂಗಳೂರಿನ ರಸ್ತೆಗುಂಡಿ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಮುಂಬಯಿ ಉಚ್ಚ ನ್ಯಾಯಾಲಯ 2025ರ ಅಕ್ಟೋಬರ್‌ನಲ್ಲಿ ಗುಂಡಿ, ತೆರೆದ ಮ್ಯಾನ್‌ಹೋಲ್‌ಗಳಿಂದಾದ ಸಾವಿಗೆ 6 ಲಕ್ಷ, ಗಾಯಕ್ಕೆ 50 ಸಾವಿರದಿಂದ 2.5 ಲಕ್ಷ ರೂಪಾಯಿ ಪರಿಹಾರ ನೀಡಿ, ಆ ಹಣವನ್ನು ತಪ್ಪಿತಸ್ಥ ಅಧಿಕಾರಿ ಹಾಗೂ ಗುತ್ತಿಗೆದಾರರಿಂದ ವಸೂಲು ಮಾಡಬೇಕೆಂದಿತು. ನಗರದ ಗುಂಡಿಗೆ ಸಲ್ಲುವ ಈ ನ್ಯಾಯ ಮಲೆನಾಡಿನ ಧರೆಗೂ, ಕಟ್ಟಿಕೊಂಡ ಮೋರಿಗೂ, ತಡೆಗೋಡೆಯಿಲ್ಲದ ತಿರುವಿಗೂ ಸಲ್ಲಬೇಕಲ್ಲವೇ?

ಇಲ್ಲಿ ಜನರ ಪಾತ್ರ ಆರಂಭವಾಗುತ್ತದೆ. ರಸ್ತೆಯ ಆ ಭಾಗ ಅಪಾಯಕಾರಿಯೆಂದು ಪ್ರಾಧಿಕಾರಕ್ಕೆ ತಿಳಿದಿತ್ತೇ ಅಥವಾ ತಿಳಿದಿರಬೇಕಾಗಿತ್ತೇ, ದುರಸ್ತಿಗೆ ಅವಕಾಶವಿರದಿದ್ದರೆ ಎಚ್ಚರಿಕೆಯ ಫಲಕವನ್ನಾದರೂ ಹಾಕಿತ್ತೇ ಎಂಬುದನ್ನು ನ್ಯಾಯಾಲಯ ಪರಿಗಣಿಸಬೇಕೆಂದು 198ಎ ಕಲಮೇ ಹೇಳುತ್ತದೆ. ಧರೆಯಲ್ಲಿ ಬಿರುಕು ಬಿಟ್ಟದ್ದನ್ನು, ಹೊಸ ಜಲ ಒಸರುವುದನ್ನು, ಮರಗಳು ರಸ್ತೆಯತ್ತ ವಾಲಿದ್ದನ್ನು ಮೊದಲು ಕಾಣುವವರು ಊರವರು. ಅದು ಬಾಯಿಮಾತಿನಲ್ಲೇ ಉಳಿದರೆ ನ್ಯಾಯಾಲಯದಲ್ಲಿ ನಿಲ್ಲದು. ಮುಂಗಾರಿಗೆ ಮೊದಲೇ ಸ್ಥಳ, ದಿನಾಂಕ, ಛಾಯಾಚಿತ್ರಗಳೊಡನೆ ಪ್ರಾಧಿಕಾರಕ್ಕೂ ಕಂಪನಿಗೂ ನೋಂದಣಿಸಹಿತ ಸ್ಪೀಡ್ ಪೋಸ್ಟ್‌ನಲ್ಲಿ ದೂರು ಹೋಗಬೇಕು. ಸ್ವೀಕೃತಿ ಪತ್ರ ಜೋಪಾನವಾಗಿರಬೇಕು. ನಿರ್ವಹಣಾ ಗುತ್ತಿಗೆಯ ಪ್ರತಿ ಹಾಗೂ ದೋಷ ಹೊಣೆಗಾರಿಕೆಯ ಅವಧಿಯ ವಿವರವನ್ನು ಮಾಹಿತಿ ಹಕ್ಕಿನಡಿ ಪಡೆಯಬೇಕು.

ಒಂದು ಎಚ್ಚರಿಕೆಯೂ ಅಗತ್ಯ. ಹೊಣೆಯ ಭಯವನ್ನೇ ನೆಪವಾಗಿಸಿ ಸಾಲುಮರಗಳನ್ನು ಉರುಳಿಸಿ, ಗುಡ್ಡವನ್ನು ಇನ್ನಷ್ಟು ಬಗೆಯುವುದು ಸುರಕ್ಷತೆಯಲ್ಲ. ಮಣ್ಣನ್ನು ಹಿಡಿದಿರುವುದು ಬೇರು. ಅದನ್ನು ಕಿತ್ತವರೇ ಕುಸಿತದ ಲೆಕ್ಕವನ್ನೂ ಕೊಡಬೇಕು. ದೂರು ಮೊದಲೇ ದಾಖಲಾಗಿದ್ದರೆ, ತಿಳಿದಿರಲಿಲ್ಲ ಎನ್ನಲು ಯಾರಿಗೂ ಎಡೆಯಿರದು.