ಅಕ್ಷರ ಕಲಿಸುವವರ ಓದು



ಈ ಶಾಲೆಯಲ್ಲಿ ಓದಿ ಶಿಕ್ಷಕರ ತರಬೇತಿ ಕೆಲಸಕ್ಕೆ ಹೋದವಳು ನಾನು. ‘ಎಂಟನೆಯ ತರಗತಿಗೆ ಬಂದರೂ ಕೆಲವರಿಗೆ ಸರಾಗವಾಗಿ ಓದಲು ಬರುವುದಿಲ್ಲ’ ಎಂದು ಹೈಸ್ಕೂಲು ಮೇಷ್ಟರುಗಳು ನನಗೆ ಹೇಳುತ್ತಲೇ ಇರುತ್ತಾರೆ. ಅದರ ಬೇರು ಬಹುಮಟ್ಟಿಗೆ ಅಂಗನವಾಡಿಯಲ್ಲಿ, ಒಂದನೆಯ ತರಗತಿಯಲ್ಲಿದೆ.

ಅಕ್ಷರ ಕಲಿಸುವುದೇನು ಮಹಾ ಎಂದುಕೊಂಡಿದ್ದೇವೆ. ಒಂದನೆಯ ತರಗತಿಯಲ್ಲಿ ಅ, ಆ, ಇ, ಈ ಬದಲು ರ, ಗ, ಸ, ದ, ಅ ಎಂದು ಕಲಿತದ್ದು ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಆ ಐದೇ ಅಕ್ಷರಗಳಲ್ಲಿ ಮಗು ಸರ, ಅರಸ, ಅಗಸ, ಗರಗಸ ಓದಿಬಿಡುತ್ತದೆ! ವರ್ಣಮಾಲೆ ಮುಗಿಯುವವರೆಗೆ ಕಾಯಬೇಕಿಲ್ಲ. ಯಾವ ಮಗು ಓದುತ್ತಿದೆ, ಯಾವುದು ಬಾಯಿಪಾಠ ಒಪ್ಪಿಸುತ್ತಿದೆ ಎಂದು ಗುರುತಿಸಲು ಕಲಿಸುವವರಿಗೆ ಆಳವಾದ ಓದು ಬೇಕು.

ನಮ್ಮಲ್ಲಿ ಹೈಸ್ಕೂಲಿಗೆ ಪದವಿಯ ಮೇಲೆ ಬಿ.ಎಡ್., ಪ್ರಾಥಮಿಕಕ್ಕೆ ಡಿ.ಎಡ್. ಅಂಗನವಾಡಿ ಕಾರ್ಯಕರ್ತೆಗೆ ಅಲ್ಪಾವಧಿ ತರಬೇತಿ. ಸಂಬಳವೂ ಅಲ್ಲ, ಗೌರವಧನ. ತೂಕ, ಪೌಷ್ಟಿಕ ಆಹಾರ, ಸಮೀಕ್ಷೆ ಎಲ್ಲವೂ ಅವರ ತಲೆಯ ಮೇಲೆಯೇ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 3ರಿಂದ 8 ವರ್ಷವನ್ನು ಒಂದೇ ಹಂತವೆಂದಿತು. ಪಿಯುಸಿ ಆದ ಕಾರ್ಯಕರ್ತೆಯರಿಗೆ 6 ತಿಂಗಳ ಸರ್ಟಿಫಿಕೇಟು, ಉಳಿದವರಿಗೆ 1 ವರ್ಷದ ಡಿಪ್ಲೊಮಾ ಎಂದಿತು. ಒಳ್ಳೆಯದೇ, ಆದರೆ ಸಾಲದು. ಅಲ್ಲಿಂದ ಪದವಿಗೆ, ಸ್ನಾತಕೋತ್ತರ ಓದಿಗೆ ದಾರಿ ಬೇಕು. ಓದಿದ ಮೇಲೂ ಪುಟ್ಟ ಮಕ್ಕಳ ಬಳಿಯೇ ಉಳಿಯುವಷ್ಟು ಸಂಬಳ ಬೇಕು. ಇಲ್ಲದಿದ್ದರೆ ಅವರೂ ಹೈಸ್ಕೂಲಿಗೇ ಅರ್ಜಿ ಹಾಕುತ್ತಾರೆ, ತಪ್ಪೇನು?

ಇಲ್ಲಿ ಟೀಚರಾಗಬೇಕೆಂಬ ಮಕ್ಕಳಿದ್ದೀರಿ. ಮುಂದೆ ಎಂ.ಎಡ್. ಮಾಡಿದರೆ ಪ್ರಬಂಧಕ್ಕೆ ಒಂದನೆಯ ತರಗತಿಯನ್ನೇ ಆರಿಸಿಕೊಳ್ಳಿ. ಬೇಕಾದ ಪುಸ್ತಕಗಳನ್ನು ನಾನು ಕೊಡುತ್ತೇನೆ.