ಹಾಲುಗಾಳಿನ ಹುಣ್ಣಿಮೆ

ಅಹಮದಾಬಾದಿನಿಂದಲೂ ಸೂರತ್ತಿನಿಂದಲೂ ರೈಲು ಹತ್ತಿ ವಡೋದರಕ್ಕೆ ಬಂದಿರುವ ಗೆಳೆಯರೆ,

ಈ ಉಪನ್ಯಾಸ ಮಾಲೆಯಲ್ಲಿ ನನಗೆ ಕೊಟ್ಟಿರುವ ವಿಷಯ ಶರದೃತು ಮತ್ತು ಸೃಷ್ಟಿಯ ಸಂತೋಷ. ಕಾಳಿದಾಸ ಶರತ್ತನ್ನು ಹೇಗೆ ಕಂಡ, ನೂರು ಶರತ್ತು ಬಾಳಬೇಕೆಂದು ವೇದದ ಋಷಿಗಳು ಏಕೆ ಹಾರೈಸಿದರು ಎಂಬುದನ್ನೆಲ್ಲ ನೀವು ಬಲ್ಲಿರಿ. ಅದನ್ನು ಮತ್ತೆ ಹೇಳುವುದಿಲ್ಲ. ಬಹಳ ವರ್ಷಗಳಿಂದ ನಾನು ಹಿಡಿದುಕೊಂಡಿರುವ ಒಂದೇ ಮಾತನ್ನು ವಾದಿಸಲು ಬಂದಿದ್ದೇನೆ. ನಮ್ಮ ಶರತ್ತಿನ ಹಬ್ಬಗಳನ್ನು ಪಠ್ಯಪುಸ್ತಕಗಳು ಸುಗ್ಗಿಯ ಹಬ್ಬಗಳೆಂದು ಕಲಿಸುತ್ತವೆ. ನಾನು ಒಪ್ಪುವುದಿಲ್ಲ. ಅವು ಬಸಿರಿನ ಹಬ್ಬಗಳು. ಕಾಳು ಕಣಜ ಸೇರಿದ ಮೇಲಿನ ನಿರಾಳ ಸಂಕ್ರಾಂತಿಯದು. ಶರತ್ತಿನ ಸಂಭ್ರಮವೋ, ಬೆಳೆ ಇನ್ನೂ ಹೊಲದಲ್ಲಿ ನಿಂತಿರುವಾಗ, ಏನಾಗುತ್ತದೋ ಗೊತ್ತಿಲ್ಲದಿರುವಾಗ ಪಡುವ ಸಂಭ್ರಮ. ಬರೆಯುವವರು, ಚಿತ್ರ ಬಿಡಿಸುವವರು, ಹಾಡು ಕಟ್ಟುವವರು ಈ ಋತುವಿನಿಂದ ಪಡೆಯಬೇಕಾದದ್ದು ಅದನ್ನೇ ಎಂಬುದು ನನ್ನ ನಂಬಿಕೆ.

ನನ್ನ ಮೊದಲ ಸಾಕ್ಷಿ ಒಂದು ಬುಟ್ಟಿ. ನಾನು ಸಾಗರ ಸೀಮೆಯವನು. ಅಲ್ಲಿ ಆಶ್ವಯುಜದ ಹುಣ್ಣಿಮೆಗೆ ಭೂಮಿ ಹುಣ್ಣಿಮೆ ಎನ್ನುತ್ತಾರೆ. ಉತ್ತರ ಕರ್ನಾಟಕದವರಿಗೆ ಅದೇ ಸೀಗಿ ಹುಣ್ಣಿಮೆ, ಗುಜರಾತಿಗಳಿಗೆ ಶರದ್ ಪೂನಮ್. ನಮ್ಮ ಕಡೆಯ ದೀವರ ಹೆಣ್ಣುಮಕ್ಕಳು ಆ ದಿನಕ್ಕಾಗಿ ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆಯುತ್ತಾರೆ. ಬುಟ್ಟಿಗೆ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಒಣಗಿದ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಗೆರೆ ಎಳೆಯುವುದು. ಹಳದಿಗೆ ಗುರಿಗೆ ಕಾಯಿ, ಕಪ್ಪಿಗೆ ಹುರಿದ ಅಕ್ಕಿ, ಕುಂಚಕ್ಕೆ ಪುಂಡಿ ನಾರು. ಹುಣ್ಣಿಮೆಯ ಹಿಂದಿನ ರಾತ್ರಿಯೆಲ್ಲ ಎಚ್ಚರವಿದ್ದು ಅಡುಗೆ ಮಾಡುತ್ತಾರೆ. ಬೆಳಕು ಹರಿಯುವ ಮುಂಚೆ ಬುಟ್ಟಿ ಗದ್ದೆಗೆ ಹೋಗುತ್ತದೆ. ಹತ್ತಾರು ಬಗೆಯ ಸೊಪ್ಪು ಬೆರೆಸಿ ಬೇಯಿಸಿದ ಹಚ್ಚಂಬಲಿಯನ್ನು ಪೈರಿನ ಮೇಲೆ ಎರಚುತ್ತಾರೆ. ಪೈರಿಗೆ ಒಡವೆ ತೊಡಿಸಿ ಪೂಜೆ ಮಾಡುತ್ತಾರೆ. ಬಸುರಿ ಮಗಳಿಗೆ ತವರಿನವರು ಬಯಕೆ ತೀರಿಸುವಂತೆ ಭೂಮಿಗೆ ಬಯಕೆ ಊಟ ಬಡಿಸುತ್ತಾರೆ. ಆಗ ಭತ್ತ ಹೊಡೆ ತುಂಬಿರುತ್ತದೆ. ತೆನೆ ಬಂದಿದ್ದರೂ ಕಾಳು ಹಾಲು. ಯಾರ ಕೈಯಲ್ಲೂ ಕುಡುಗೋಲು ಇರುವುದಿಲ್ಲ. ಧಾರವಾಡ, ವಿಜಯಪುರದ ಕಡೆಯವರು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲು ಪೂಜಿಸಿ ಚರಗ ಚೆಲ್ಲುವುದೂ, ಅಂದರೆ ನೈವೇದ್ಯವನ್ನು ಹೊಲಕ್ಕೆ ಎರಚುವುದೂ, ಇದೇ ಅರ್ಥದಲ್ಲಿ.

ಎರಡನೆಯ ಸಾಕ್ಷಿ ಒಂದು ಗಡಿಗೆ. ಈ ಊರಿಗೆ ಓದಲು ಬಂದ ಹೊಸತರಲ್ಲಿ ನವರಾತ್ರಿಗೆ ಮುಂಚೆ ಕುಂಬಾರರ ಬೀದಿಯಲ್ಲಿ ಸಾಲಾಗಿ ಇಟ್ಟಿದ್ದ ಗರಬೋಗಳನ್ನು ಕಂಡೆ. ಮೈತುಂಬ ತೂತು, ತೂತಿನ ಸುತ್ತ ಬಿಳಿ, ಕೆಂಪು ಬಣ್ಣದ ಗೆರೆ. ಒಳಗೆ ಹಣತೆ ಹಚ್ಚಿದರೆ ಗಡಿಗೆಯ ಮೈಯೆಲ್ಲ ಬೆಳಕಾಗುತ್ತದೆ. ಹುಡುಗಿಯರು ಅದನ್ನು ತಲೆಯ ಮೇಲೆ ಹೊತ್ತು ಮನೆಮನೆಗೆ ಹೋಗಿ ಹಾಡಿ ದೀಪಕ್ಕೆ ಎಣ್ಣೆ ಬೇಡುತ್ತಿದ್ದರು. ಅದನ್ನು ನಡುವೆ ಇಟ್ಟು ಸುತ್ತ ಗರ್ಬಾ ಕುಣಿಯುತ್ತಿದ್ದರು. ಪಕ್ಕದಲ್ಲಿ ಮಣ್ಣಿನಲ್ಲಿ ಜವಾರಾ ಬಿತ್ತಿ ಮೊಳಕೆ ಬರಿಸುತ್ತಿದ್ದರು. ನಮ್ಮಲ್ಲಿ ಘಟ್ಟ ಹಾಕುವ ಮನೆಗಳಲ್ಲಿಯೂ ಗಡಿಗೆಯ ಸುತ್ತ ಧಾನ್ಯ ಮೊಳೆಯುತ್ತದೆ. ಬುಟ್ಟಿಗೂ ಗಡಿಗೆಗೂ ನಡುವೆ ಸಾವಿರ ಕಿಲೋಮೀಟರು ದೂರವಿದ್ದರೂ ಎರಡೂ ಹೆಣ್ಣುಮಕ್ಕಳ ಕೈಯಲ್ಲಿ, ಒಂದೇ ಶುಕ್ಲಪಕ್ಷದಲ್ಲಿ, ಒಳಗೆ ಜೀವ ಇಟ್ಟುಕೊಂಡು ಹೊರಡುವ ಪಾತ್ರೆಗಳು. ಸುಗ್ಗಿಯ ಹಬ್ಬವಾದರೆ ಪೂಜೆಗೆ ಧಾನ್ಯದ ರಾಶಿ ಇರಬೇಕಿತ್ತು. ಇಲ್ಲಿ ಇರುವುದು ಮೊಳಕೆ, ದೀಪ, ಹಾಲುಗಾಳು. ಇದನ್ನು ಕಂಡ ದಿನದಿಂದ ನಾನು ಈ ವಾದ ಬಿಟ್ಟಿಲ್ಲ.

ಇಲ್ಲಿ ನನ್ನ ಡ್ರಾಯಿಂಗ್ ಮೇಷ್ಟ್ರನ್ನು ನೆನೆಯದೆ ಮುಂದೆ ಹೋಗಲಾರೆ. ಹೈಸ್ಕೂಲಿನಲ್ಲಿ ಅವರು ಭೂಮಿ ಹುಣ್ಣಿಮೆಯ ವಾರ ನಮ್ಮನ್ನು ಕೋಣೆಯಲ್ಲಿ ಕೂಡಿಸುತ್ತಿರಲಿಲ್ಲ. ಗದ್ದೆಯ ಬದುವಿನ ಮೇಲೆ ಸಾಲಾಗಿ ಕೂಡಿಸುತ್ತಿದ್ದರು. ಒಂದು ಕಾಳನ್ನು ಉಗುರಿನಿಂದ ಒತ್ತಿಸಿ, ಬಂದ ಹಾಲನ್ನು ಕಾಗದಕ್ಕೆ ಸವರಿಸುತ್ತಿದ್ದರು. "ಈಗ ಬರೀರಿ ಮಕ್ಕಳೆ. ಕಾಳು ಗಟ್ಟಿಯಾದ ಮೇಲೆ ಅದು ಲೆಕ್ಕದ ಪುಸ್ತಕಕ್ಕೆ ಹೋಗ್ತದೆ, ಚಿತ್ರಕ್ಕೆ ಸಿಗೋದಿಲ್ಲ" ಅನ್ನುತ್ತಿದ್ದರು. ಮುಗಿದ ಚಿತ್ರವನ್ನು ಅವರು ಹೆಚ್ಚು ಹೊತ್ತು ನೋಡಿದ್ದು ನನಗೆ ನೆನಪಿಲ್ಲ. ಅರ್ಧ ಬರೆದದ್ದನ್ನು ಮಾತ್ರ ಕೈಗೆತ್ತಿಕೊಂಡು ಬಿಸಿಲಿಗೆ ಹಿಡಿದು ನೋಡುತ್ತಿದ್ದರು. ನಾನು ವಡೋದರಕ್ಕೆ ಹೊರಟಾಗ ಅವರು ಹೇಳಿದ ಬುದ್ಧಿಮಾತು ಒಂದೇ: "ಅಲ್ಲಿ ಮಳೆ ಬಿಟ್ಟ ಮೇಲೆ ಜನ ಏನು ಮಾಡ್ತಾರೆ ನೋಡು."

ನೋಡಿದೆ. ಮಳೆ ಬಿಟ್ಟ ಮೇಲೆ ಗುಜರಾತಿನ ಹಳ್ಳಿಗಳಲ್ಲಿ ಹೆಂಗಸರು ಗೋಡೆ ಮೆತ್ತುತ್ತಾರೆ. ನಾಲ್ಕು ತಿಂಗಳ ಮಳೆ ಮಣ್ಣಿನ ಗೋಡೆಯನ್ನು ತೊಳೆದಿರುತ್ತದೆ, ಹೋದ ವರ್ಷದ ಚಿತ್ರ ಅದರ ಜೊತೆ ಹೋಗಿರುತ್ತದೆ. ಆಶ್ವಯುಜದ ಬಿಸಿಲು ಚುರುಕು, ಮೆತ್ತಿದ್ದು ಬೇಗ ಒಣಗುತ್ತದೆ. ದೀಪಾವಳಿಗೆ ಮುಂಚೆ ಗೋಡೆಯ ಮೇಲೆ ಹೊಸ ಚಿತ್ರ ಬರುತ್ತದೆ. ಭಾವನಗರದಲ್ಲಿ ಹುಟ್ಟಿದ, ಈ ಊರಿನ ಕಲಾವಿದ ಜ್ಯೋತಿ ಭಟ್ಟರು 1967ರಿಂದ ಹಳ್ಳಿಹಳ್ಳಿ ತಿರುಗಿ ಇಂಥ ಗೋಡೆಗಳನ್ನೂ ರಂಗೋಲಿಗಳನ್ನೂ ಕ್ಯಾಮೆರಾದಲ್ಲಿ ಹಿಡಿದಿಟ್ಟರು. 1950ರಲ್ಲಿ ಶುರುವಾದ ಇಲ್ಲಿನ ಲಲಿತಕಲಾ ವಿಭಾಗಕ್ಕೆ ಮರುವರ್ಷ ಬಂದು ಸುಮಾರು ಮೂರು ದಶಕ ಕಲಿಸಿದ ಕೆ.ಜಿ. ಸುಬ್ರಹ್ಮಣ್ಯನ್, ಹಳ್ಳಿಯ ಕೈಗೆಲಸದವರೂ ಕಲಾವಿದರೂ ಒಂದೇ ಪರಂಪರೆಯವರೆಂದು ಜೀವಮಾನವೆಲ್ಲ ಸಾಧಿಸಿದರು. ಗೋಡೆ ಬರೆಯುವ ಆ ತಾಯಂದಿರಿಗೆ ಚಿತ್ರ ಅಳಿಯುವುದು ನಷ್ಟವಲ್ಲ. ಅಳಿದದ್ದರಿಂದಲೇ ಈ ವರ್ಷ ಮತ್ತೆ ಬರೆಯುವ ಹಕ್ಕು ಬಂತು. ಸ್ಫೂರ್ತಿ ಬರಲಿಲ್ಲ ಎಂದು ಕೊರಗುವ ನಮ್ಮ ಲೇಖಕ ಮಿತ್ರರಿಗೆ ನಾನು ಹೇಳುವುದಿಷ್ಟೆ: ಹೋದ ವರ್ಷದ ಗೋಡೆಯನ್ನು ಮಳೆಗೆ ಬಿಡಿ.

ಹಾಡಿನ ವಿಷಯವೂ ಹಾಗೆಯೇ. ಇಲ್ಲಿಗೆ ಹತ್ತಿರದ ಡಭೋಯಿಯ ಕವಿ ದಯಾರಾಮ (1777–1853) ಗರಬಿ ಎಂಬ ಹಾಡುಗಳನ್ನು ಕಟ್ಟಿದ. ಝವೇರಚಂದ್ ಮೇಘಾಣಿ 1925ರಲ್ಲಿ 'ರಢಿಯಾಳಿ ರಾತ' ಎಂಬ ಹೆಸರಿನಲ್ಲಿ ಹೆಂಗಸರ ಹಾಡುಗಳನ್ನು ಸಂಗ್ರಹಿಸಿ ಪ್ರಕಟಿಸತೊಡಗಿದರು. ನಮ್ಮ ಹಲಸಂಗಿ ಗೆಳೆಯರ 'ಗರತಿಯ ಹಾಡು' ಬಂದದ್ದು 1931ರಲ್ಲಿ. ಇತಿಹಾಸ ಇಷ್ಟು ಸಾಕು. ನನಗೆ ಮುಖ್ಯವಾದದ್ದು ಹಾಡುವ ರೀತಿ. ಗರ್ಬಾದಲ್ಲಿ ಒಬ್ಬಳು ಸೊಲ್ಲು ಎತ್ತುತ್ತಾಳೆ, ಉಳಿದವರು 'ಝೀಲುತ್ತಾರೆ', ಅಂದರೆ ಆ ಸೊಲ್ಲನ್ನು ಹಿಡಿದು ಮತ್ತೆ ಹಾಡುತ್ತಾರೆ. ಹೊಸ ಸಾಲು ಚೆನ್ನಾಗಿದ್ದರೆ ವೃತ್ತ ಅದನ್ನು ಕೂಡಲೇ ಹಿಡಿಯುತ್ತದೆ, ಕಾಲಿಗೆ ಕೂಡದಿದ್ದರೆ ಅಲ್ಲೇ ಬಿಡುತ್ತದೆ. ಕವಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಉಂಟೆ? ಸಾಲು ಹಾಲುಗಾಳಾಗಿರುವಾಗಲೇ ನೂರು ಬಾಯಿ ಅದನ್ನು ರುಚಿ ನೋಡುತ್ತವೆ. 2023ರ ಡಿಸೆಂಬರಿನಲ್ಲಿ ಯುನೆಸ್ಕೊ ಗರ್ಬಾವನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿದಾಗ ನನಗೂ ಹೆಮ್ಮೆಯಾಯಿತು. ಆದರೆ ದೊಡ್ಡ ಮೈದಾನಗಳಲ್ಲಿ ಸೊಲ್ಲು ಎತ್ತುವವರು ವೇದಿಕೆ ಏರಿದ್ದಾರೆ, ಕುಣಿಯುವವರ ಬಾಯಿ ಮುಚ್ಚಿದೆ. ನನ್ನ ಸಂಕಟ ಧ್ವನಿವರ್ಧಕದ ಸದ್ದಿನ ಬಗ್ಗೆ ಅಲ್ಲ. ತಿರುಗಿ ಹಾಡುವ ಬಾಯಿ ಇಲ್ಲದ ಕಡೆ ಹೊಸ ಸಾಲು ಹುಟ್ಟುವುದು ಹೇಗೆ ಎಂಬುದರ ಬಗ್ಗೆ.

ಈಗ ನನ್ನ ವಾದಕ್ಕೆ ಬಂದಿರುವ ಆಕ್ಷೇಪಗಳು. ಕೃಷಿ ವಿಜ್ಞಾನ ಕಲಿಸಿ ನಿವೃತ್ತರಾದ ಗುಜರಾತಿ ಗೆಳೆಯರೊಬ್ಬರು ಇದನ್ನು ಕೇಳಿದಾಗಲೆಲ್ಲ ತಲೆಯಾಡಿಸುತ್ತಾರೆ. "ಸೌರಾಷ್ಟ್ರದ ಶೇಂಗಾ ಆಗಲೇ ಕೀಳುತ್ತಾರೆ, ಸಜ್ಜೆ ಕೊಯ್ದಾಗಿರುತ್ತದೆ, ಹತ್ತಿ ಬಿಡಿಸಲು ಶುರು. ಇದು ಸುಗ್ಗಿಯಲ್ಲದೆ ಮತ್ತೇನು?" ಅನ್ನುತ್ತಾರೆ. ತೊಗರಿ, ಹರಳು ಇನ್ನೂ ಹೊಲದಲ್ಲೇ ಇವೆಯಲ್ಲ ಎಂದು ನಾನು ಹೇಳುತ್ತೇನೆ. ಪೂನಮಿನ ರಾತ್ರಿ ಮಾಳಿಗೆಯ ಮೇಲೆ ಬೆಳದಿಂಗಳಲ್ಲಿಟ್ಟು ತಿನ್ನುವ ದೂಧ್-ಪೌವಾವನ್ನು, ಅಂದರೆ ಹಾಲಿನಲ್ಲಿ ನೆನೆದ ಅವಲಕ್ಕಿಯನ್ನು, ನಾನು ಹಾಲುಗಾಳಿನ ನೆನಪೆಂದು ಓದುತ್ತೇನೆ. ಅವರು ಅದನ್ನು ಶರತ್ತಿನ ಪಿತ್ತ ಇಳಿಸುವ ಮದ್ದು ಎಂದು ಮುಗಿಸಿಬಿಡುತ್ತಾರೆ. ಸಭೆಯಲ್ಲಿರುವ ಉಡುಪಿ, ಮಂಗಳೂರಿನವರ ಆಕ್ಷೇಪ ಇದಕ್ಕಿಂತ ಬಲವಾದದ್ದು. ಕರಾವಳಿಯಲ್ಲಿ ನವರಾತ್ರಿಯ ಹೊತ್ತಿಗೆ ಗದ್ದೆಯಿಂದ ತೆನೆ ತಂದು ಮನೆಗೆ ಕದಿರು ಕಟ್ಟುತ್ತಾರೆ. ಅದು ಬಲಿತ ತೆನೆ. ನಾಲ್ಕು ತೆನೆ ತರುವುದು ಕೊಯ್ಲಲ್ಲ, ಮಗು ಹುಟ್ಟುವ ಮೊದಲೇ ತೊಟ್ಟಿಲು ಕಟ್ಟಿದ ಹಾಗೆ ಎಂದು ನಾನು ವಾದಿಸಬಲ್ಲೆ. ಆದರೂ ಆ ಕದಿರು ನನ್ನ ವಾದದ ಬಾಗಿಲಲ್ಲಿ ನೇತಾಡುತ್ತಲೇ ಇದೆ.

ಸೂರತ್ತಿನ ಗೆಳೆಯರು ಇನ್ನೊಂದು ಕೇಳುತ್ತಾರೆ. ಪೂನಮಿನ ಮರುದಿನ ಅವರ ಚಾಂದನಿ ಪಡವೋ. ಇಡೀ ಊರು ಮಾಳಿಗೆಗಳ ಮೇಲೂ ಡುಮಸ್ ರಸ್ತೆಯಲ್ಲೂ ಕೂತು ಮಾವಾ, ಒಣಹಣ್ಣು ತುಂಬಿ ತುಪ್ಪ ಮೆತ್ತಿದ ಘಾರಿ ತಿನ್ನುತ್ತದೆ, ಜೊತೆಗೆ ಖಾರದ ಭೂಸು. ಅಲ್ಲಿ ಗಡಿಗೆಯೂ ಇಲ್ಲ, ಬುಟ್ಟಿಯೂ ಇಲ್ಲ, ಹೊಲವೂ ಇಲ್ಲ. ಇರುವುದು ಚಂದ್ರ ಮತ್ತು ಜೊತೆಗೆ ಕೂತ ಜನ. ಈ ಸಂತೋಷವನ್ನು ಯಾವ ಬಸಿರಿಗೆ ಜೋಡಿಸಲಿ? ನೆಲದ ಹಂಗಿಲ್ಲದೆಯೂ ಶರತ್ತು ಮನುಷ್ಯನನ್ನು ಹೀಗೆ ಅರಳಿಸಬಲ್ಲುದಾದರೆ ನನ್ನ ಅರ್ಧ ವಾದ ಬಿದ್ದುಹೋಗುತ್ತದೆ.

ಇನ್ನು ಪ್ರಶ್ನೆಗಳಿಗೆ ಹೊತ್ತಾಯಿತು. ಮೊದಲು ನನ್ನವೇ ಕೆಲವನ್ನು ಇಡುತ್ತೇನೆ. ನಮ್ಮ ಕನ್ನಡ ಸಂಘ ಮುಂದಿನ ಹುಣ್ಣಿಮೆಗೆ ಅಪಾರ್ಟ್‌ಮೆಂಟಿನ ಮಾಳಿಗೆಯ ಮೇಲೆ ಭೂಮಿ ಹುಣ್ಣಿಮೆ ಮಾಡೋಣವೆಂದು ಯೋಚಿಸಿದೆ. ಬುಟ್ಟಿಗೆ ಚಿತ್ತಾರ ಬರೆಯಲು ನಮ್ಮ ಹುಡುಗಿಯರು ಸಿದ್ಧರಿದ್ದಾರೆ. ಹೊಲವಿಲ್ಲದ ಮೇಲೆ ಚರಗಕ್ಕೆ ಅರ್ಥವೇನು ಎಂದು ಹಿರಿಯರೊಬ್ಬರು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಚಿತ್ತಾರ ಉಳಿದು ಗದ್ದೆ ಹೋದರೆ ಉಳಿಯುವುದು ಅಲಂಕಾರ ಮಾತ್ರವೆ? ಅಥವಾ ಆ ಬುಟ್ಟಿಯೇ ನಮ್ಮ ಮಕ್ಕಳನ್ನು ಒಂದು ದಿನ ಯಾವುದೋ ಗದ್ದೆಗೆ, ಇಲ್ಲಿನ ಖೇಡಾ ಜಿಲ್ಲೆಯದಾದರೂ ಆಗಲಿ, ಕರೆದುಕೊಂಡು ಹೋದೀತೆ? ನಾವು ಬರೆಯುವ ಕವಿತೆ, ಬಿಡಿಸುವ ಚಿತ್ರ ಯಾವ ಪೈರಿಗೆ ಒಡವೆ? ಈ ಊರುಗಳಲ್ಲಿ ದುಡಿದು ನೆಲೆಯಾದ ನಾವು, ಬೇರೆಯವರ ಹೊಲದ ಬದುವಿನಲ್ಲಿ ನಿಂತು ಅದೇ ಸಂತೋಷ ಪಡಬಹುದೆ, ಅದು ನಮ್ಮದೇ ಆಗುತ್ತದೆಯೆ? ಹೌದು ಎನ್ನುವುದು ನನ್ನ ಆಸೆ. ಆಸೆಯನ್ನು ವಾದವೆಂದು ನಿಮ್ಮ ಮುಂದೆ ಇಡಲಾರೆ. ಹೊಲ ಬಿಟ್ಟು ಬಂದವರು ಈ ಸಭೆಯಲ್ಲಿ ಅನೇಕರಿದ್ದೀರಿ, ನೀವು ಏನು ಹೇಳುತ್ತೀರಿ?