ಧರ್ಮಸಭೆಯ ನಾಯಕತ್ವ ಮತ್ತು ದೀನತೆ



ಶತಮಾನೋತ್ಸವದ ಸಂಭ್ರಮದಲ್ಲಿ ಎಷ್ಟು ಕಟ್ಟಡಗಳು ಎದ್ದವು, ಎಷ್ಟು ಕುಟುಂಬಗಳು ಬೆಳೆದವು ಎಂದು ಲೆಕ್ಕ ಹಾಕುವುದು ಸಹಜ. ಲೆಕ್ಕಕ್ಕೆ ಸಿಗದ, ಆದರೆ ಧರ್ಮಸಭೆಯ ನಾಯಕರಿಗೆ ಅತ್ಯಗತ್ಯವಾದ ಒಂದು ಸದ್ಗುಣವನ್ನು ಕುರಿತು ನಾಲ್ಕು ಮಾತುಗಳನ್ನು ಅರಿಕೆ ಮಾಡಬಯಸುತ್ತೇನೆ. ಅದು ದೀನತೆ.

ಯೇಸುಸ್ವಾಮಿ ಕಡೆಯ ಭೋಜನದ ರಾತ್ರಿ ಶಿಷ್ಯರ ಪಾದಗಳನ್ನು ತೊಳೆದರು. ತಾವು ಗುರುವೂ ಪ್ರಭುವೂ ಆಗಿರುವುದನ್ನು ಅವರು ಅಲ್ಲಗಳೆಯಲಿಲ್ಲ. ಆ ಸ್ಥಾನದಲ್ಲಿದ್ದುಕೊಂಡೇ ಬಾಗಿದರು. ದೀನತೆಯೆಂದರೆ ಅಧಿಕಾರವನ್ನು ತೊರೆಯುವುದಲ್ಲ, ಅದನ್ನು ಪರರ ಸೇವೆಗಾಗಿ ಬಾಗಿಸುವುದು. 2013ರ ಪವಿತ್ರ ಗುರುವಾರದಂದು ಪೋಪ್ ಫ್ರಾನ್ಸಿಸ್‌ರವರು ರೋಮಿನ ಬಾಲಾಪರಾಧಿಗಳ ಸೆರೆಮನೆಗೆ ಹೋಗಿ ಹನ್ನೆರಡು ಮಂದಿಯ ಪಾದಗಳನ್ನು ತೊಳೆದುದು ಇದೇ ಪಾಠವನ್ನು ನೆನಪಿಸಲು.

ರೋಮಿನವರೆಗೆ ಹೋಗಬೇಕಾಗಿಲ್ಲ. ನಿಡಘಟ್ಟದಿಂದ ಮೈಸೂರಿನ ಕಡೆಗೆ ಹೊರಟು ಮದ್ದೂರು, ಮಂಡ್ಯಗಳನ್ನು ದಾಟಿದರೆ ಶ್ರೀರಂಗಪಟ್ಟಣ. 1799ರಲ್ಲಿ ಟಿಪ್ಪು ಸುಲ್ತಾನನ ಪತನವಾದ ಬಳಿಕ, ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಅಲ್ಲಿಗೆ ಬಂದವರು ಫ್ರೆಂಚ್ ಗುರು ಅಬ್ಬೆ ದುಬ್ವಾ. ಅವರು ಈ ನಾಡಿನವರಂತೆ ಉಡುಪು ತೊಟ್ಟರು, ಇಲ್ಲಿಯ ಆಹಾರ ಪದ್ಧತಿಯನ್ನು ಅನುಸರಿಸಿದರು, ಸಿಡುಬು ತಡೆಯುವ ಲಸಿಕೆಯನ್ನು ಜನರಲ್ಲಿ ಬಳಕೆಗೆ ತಂದರು. ತಮ್ಮನ್ನು ಜನರ ಮಟ್ಟಕ್ಕೆ ಇಳಿಸಿಕೊಂಡ ಆ ಗುರುವನ್ನು ಜನರೇ 'ದೊಡ್ಡ ಸ್ವಾಮಿ'ಯೆಂದು ಕರೆದರು.

ಅವರ ದೀನತೆಗೆ ಇನ್ನೊಂದು ನಿದರ್ಶನವಿದೆ. ಮೂರು ದಶಕಗಳ ಸೇವೆಯ ನಂತರ ಅವರು 1823ರಲ್ಲಿ ಸ್ವದೇಶಕ್ಕೆ ಮರಳಿದರು. ಅದೇ ವರ್ಷ ಲಂಡನ್ನಿನಲ್ಲಿ ಪ್ರಕಟವಾದ ತಮ್ಮ ಪತ್ರಗಳಲ್ಲಿ, ತಾವು ಪಟ್ಟ ಶ್ರಮಕ್ಕೆ ತಕ್ಕ ಫಲ ದೊರೆಯಲಿಲ್ಲವೆಂದು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು. ಈ ನಾಡಿನ ಜನರ ಬಗೆಗೆ ಅವರಾಡಿದ ಕಟು ನುಡಿಗಳನ್ನಾಗಲಿ, ಅವರ ನಿರಾಶೆಯನ್ನಾಗಲಿ ನಾವು ಒಪ್ಪಬೇಕಿಲ್ಲ. ಆದರೆ ಲೋಕವೆಲ್ಲ ಯಶಸ್ಸಿನ ವರದಿಯನ್ನು ನಿರೀಕ್ಷಿಸುತ್ತಿರುವಾಗ ತನ್ನ ಸೋಲನ್ನು ತಾನೇ ಬರೆದಿಡಲು ಎಂತಹ ಎದೆಗಾರಿಕೆ ಬೇಕು! ಬಿತ್ತುವುದಷ್ಟೇ ನಮ್ಮ ಪಾಲು. ಬೆಳೆ ಕೊಡುವವನು ದೇವರು. ಅವರು ಕಾಣದ ಫಲವನ್ನು ನಂತರದ ತಲೆಮಾರುಗಳು ಕಂಡಿವೆ.

ಪ್ರಿಯರೇ, ನಾಯಕರೆಂದರೆ ಧರ್ಮಾಧ್ಯಕ್ಷರು, ಗುರುಗಳು ಮಾತ್ರವಲ್ಲ. ಪಾಲನಾ ಸಮಿತಿಯ ಸದಸ್ಯರು, ಧರ್ಮೋಪದೇಶಕರು, ಸಂಘಗಳ ಪದಾಧಿಕಾರಿಗಳು ಎಲ್ಲರೂ ಆ ಹೊಣೆಯನ್ನು ಹೊತ್ತವರೇ. ಮೃದುವಾಗಿ ಮಾತನಾಡಿದ ಮಾತ್ರಕ್ಕೆ ದೀನತೆ ಬಂದಂತಾಗದು. ಕಾಣಿಕೆಯ ಲೆಕ್ಕವನ್ನು ಕೇಳಿದಾಗ ಸಿಡುಕದೆ ತೋರಿಸುವುದು, ಹಿಂದಿನ ಬೆಂಚಿನ ಬಡವನ ಮಾತಿಗೂ ಕಿವಿಗೊಡುವುದು, ತಪ್ಪಾದಾಗ ಸಭೆಯ ಮುಂದೆ ತಪ್ಪೆನ್ನುವುದು, ಅವಧಿ ಮುಗಿದಾಗ ಕಿರಿಯರಿಗೆ ಸಂತೋಷದಿಂದ ಸ್ಥಾನ ಬಿಟ್ಟುಕೊಡುವುದು: ಇವೇ ಅದರ ಕುರುಹುಗಳು. ಇವಿಲ್ಲದ ಕಡೆ ಗೋಪುರ ಎಷ್ಟು ಎತ್ತರವಿದ್ದರೂ ಮಂದೆ ಚದುರುತ್ತದೆ.

ಮುಂದಿನ ನೂರು ವರ್ಷಗಳ ನಮ್ಮ ನಾಯಕರಿಗೆ ಬಾಗುವ ಬೆನ್ನನ್ನೂ ತಪ್ಪೊಪ್ಪುವ ನಾಲಗೆಯನ್ನೂ ಪ್ರಭು ದಯಪಾಲಿಸಲೆಂದು ಪ್ರಾರ್ಥಿಸಿ ನನ್ನ ಮಾತುಗಳನ್ನು ಮುಗಿಸುತ್ತೇನೆ.